ಯಮುವಿನ ಮಾತು: ಪುಣೆಯ ಧಾರಾವಾಹಿ ಕಾದಂಬರಿ ಮತ್ತು ಕನ್ನಡದ ಮಹಿಳಾ ಓದುಗರು

ಮಧ್ಯಕಾಲೀನ ಸಾಹಿತ್ಯವನ್ನು ಅಭ್ಯಸಿಸುವವರಿಗೆ ಪುಣೆಯ ಆನಂದಾಶ್ರಮವು ಪರಿಚಿತವಾಗುವುದು ಅದರ ಸಂಸ್ಕೃತ ಗ್ರಂಥಮಾಲೆಯ ಮೂಲಕ. ನಾವೂ ಆ ಮಾಲೆಯ ಸಂಪುಟಗಳನ್ನು ವರ್ಷಗಟ್ಟಲೆ ತಿರುವಿಹಾಕಿದವರೇ. ಮಹಾದೇವ ಚಿಮಣಾಜಿ ಆಪಟೆಯವರು 1888ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಆಡಳಿತವನ್ನು ಹೊತ್ತಿದ್ದ ಅವರ ಸೋದರನ ಮಗ ಹರಿ ನಾರಾಯಣ ಆಪಟೆ (1864–1919), ಅದೇ ಕಾಲದಲ್ಲಿ ವಾರಪತ್ರಿಕೆಯೊಂದಕ್ಕೆ ಕಂತುಕಂತಾಗಿ ಕಾದಂಬರಿ ಬರೆಯುತ್ತಿದ್ದರೆಂಬುದು ನಮ್ಮ ಗಮನಕ್ಕೆ ಬಂದದ್ದು ತಡವಾಗಿ. ಒಂದೆಡೆ ಶಾಸ್ತ್ರಗ್ರಂಥಗಳ ಮುದ್ರಣ, ಇನ್ನೊಂದೆಡೆ ಹೊಸದಾಗಿ ಅಕ್ಷರ ಕಲಿತ ಗೃಹಿಣಿಯರೂ ಕಾದು ಕುಳಿತು ಓದಬಹುದಾದ ಕಥೆ. ಎರಡನೆಯದು ಹಗುರವಾದ ಕೆಲಸವೆಂಬ ಗ್ರಹಿಕೆ ವಿದ್ವದ್ವಲಯದಲ್ಲಿ ಇಂದಿಗೂ ಪೂರ್ಣವಾಗಿ ಅಳಿದಿಲ್ಲ. ಅದು ಕಲಿತು ಸಾಧಿಸಬೇಕಾದ ವಿದ್ಯೆಯಾಗಿತ್ತೆಂಬುದನ್ನೂ, ಅದರಲ್ಲಿ ಎಷ್ಟು ಭಾಗ ಕನ್ನಡಕ್ಕೆ ಬಂದಿತೆಂಬುದನ್ನೂ ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಆಪಟೆಯವರು 1890ರಲ್ಲಿ ಆರಂಭಿಸಿದ ಪತ್ರಿಕೆಯ ಹೆಸರು ‘ಕರಮಣೂಕ’, ಅಂದರೆ ಮನರಂಜನೆ. ಸುಧಾರಣೆಯ ಪಕ್ಷಪಾತಿಯಾಗಿದ್ದ ಲೇಖಕನೊಬ್ಬನು ಸುಧಾರಣೆಯ ಹೆಸರನ್ನು ಮುಂದಿಡದೆ ಮನರಂಜನೆಯ ಹೆಸರನ್ನು ಇಟ್ಟುದು ಗಮನಾರ್ಹವಾಗಿದೆ. ಪುಣೆಯಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆ, ಹುಜೂರಪಾಗೆಯೆಂದು ಪ್ರಸಿದ್ಧವಾದುದು, 1884ರಲ್ಲಷ್ಟೇ ಆರಂಭವಾಗಿದ್ದಿತು. ಬಾಲಗಂಗಾಧರ ತಿಲಕರಂಥವರೇ ಅಲ್ಲಿನ ಶಿಕ್ಷಣಕ್ರಮವನ್ನು ವಿರೋಧಿಸಿದ್ದರು. ಶಾಲೆಯ ಮೆಟ್ಟಿಲು ಹತ್ತದೆ, ಗಂಡನಿಂದಲೋ ಅಣ್ಣನಿಂದಲೋ ಅಕ್ಷರ ಕಲಿತವರೂ ಇದ್ದರು. ಇಂಥವರ ಕೈಗೆ ಪತ್ರಿಕೆ ತಲುಪಬೇಕಾದರೆ ಮನೆಯ ಹಿರಿಯರು ಅದನ್ನು ಹೊಸ್ತಿಲೊಳಗೆ ಬಿಡಬೇಕಿತ್ತು. ಮುಂದಿನ ವಾರದ ಸಂಚಿಕೆಗೂ ಹಣ ಬರಬೇಕಾದರೆ ಕಥೆ ಹಿಡಿದು ಕೂರಿಸಬೇಕಿತ್ತು. ವಾಣಿಜ್ಯದ ಒತ್ತಾಯವೂ ಸುಧಾರಣೆಯ ಆಶಯವೂ ಇಲ್ಲಿ ಒಂದೇ ನೊಗಕ್ಕೆ ಕಟ್ಟಲ್ಪಟ್ಟಿದ್ದವು.

‘ಪಣ್ ಲಕ್ಷಾತ್ ಕೋಣ್ ಘೇತೋ’ ಕಾದಂಬರಿಯು ಈ ಪತ್ರಿಕೆಯಲ್ಲಿ 1890ರಿಂದ ಧಾರಾವಾಹಿಯಾಗಿ ಬಂದಿತು. ‘ಆದರೆ ಯಾರು ಗಮನಿಸುತ್ತಾರೆ?’ ಎಂಬುದು ಶೀರ್ಷಿಕೆಯ ತಾತ್ಪರ್ಯ. ಯಮು ಎಂಬ ಹೆಣ್ಣುಮಗಳು ತನ್ನ ಬಾಲ್ಯ, ವಿವಾಹ, ಓದು, ವೈಧವ್ಯ, ಬಲವಂತದ ಕೇಶಮುಂಡನ ಇವೆಲ್ಲವನ್ನೂ ತಾನೇ ಹೇಳಿಕೊಳ್ಳುತ್ತಾಳೆ. ಪುರುಷನೊಬ್ಬನು ಆರಂಭದಿಂದ ಅಂತ್ಯದವರೆಗೆ ಹೆಣ್ಣಿನ ಉತ್ತಮಪುರುಷ ನಿರೂಪಣೆಯನ್ನು ಸಾಗಿಸುವುದು ಸುಲಭವಲ್ಲ. ಅಡುಗೆಮನೆಯ ಪಿಸುಮಾತು, ಅತ್ತೆಯ ಮನೆಯ ಮುನಿಸು, ಗೆಳತಿಯರ ಪತ್ರ, ಹಬ್ಬದ ಮುನ್ನಾದಿನದ ಗಡಿಬಿಡಿ ಇವುಗಳಿಂದ ಕಟ್ಟಿದ ಮಾತಿನ ಧಾಟಿ ಶಾಲೆಯ ಗದ್ಯದಿಂದ ಬರತಕ್ಕದ್ದಲ್ಲ. ಯಮು ತನ್ನ ಪತಿಯಿಂದ ವಿದ್ಯೆ ಕಲಿಯುವ ಭಾಗಗಳು ನಮಗೆ ವಿಶೇಷವಾಗಿ ಮುಖ್ಯವೆನಿಸುತ್ತವೆ: ಕಾದಂಬರಿಯು ತನ್ನ ಓದುಗಳು ಹೇಗೆ ಸಿದ್ಧಳಾದಳೆಂಬುದನ್ನೇ ಕಥಾವಸ್ತುವನ್ನಾಗಿ ಮಾಡಿಕೊಂಡಿದೆ. ಕಂತಿನ ಬರವಣಿಗೆಗೆ ಸಹಜವಾದ ದೋಷಗಳೂ ಇದರಲ್ಲಿವೆ. ಎಳೆತ ಹೆಚ್ಚು, ಪುನರುಕ್ತಿಯೂ ಉಂಟು.

ಈ ಧಾಟಿಯನ್ನು ಆಪಟೆಯವರು ಎಲ್ಲಿ ಕಲಿತರು? ಇಲ್ಲಿ ಕಾಶೀಬಾಯಿ ಕಾನಿಟಕರ್ (1861–1948) ಅವರನ್ನು ಮರೆಯುವಂತಿಲ್ಲ. ಎಳೆವಯಸ್ಸಿನಲ್ಲಿ ವಿವಾಹವಾಗಿ, ಅನಂತರ ಮನೆಯಲ್ಲಿಯೇ ಓದುಬರಹ ಸಾಧಿಸಿದ ಆಕೆ ಮರಾಠಿಯ ಮೊದಲ ಪ್ರಮುಖ ಲೇಖಕಿಯರಲ್ಲಿ ಒಬ್ಬರು. 1903ರಲ್ಲಿ ಗ್ರಂಥರೂಪ ಪಡೆದ ಆಕೆಯ ‘ರಂಗರಾವ್’ ಕಾದಂಬರಿಯೂ ಮೊದಲು ಪತ್ರಿಕೆಯ ಪುಟಗಳಲ್ಲಿಯೇ ಬಂದದ್ದು. ಪತಿ ಗೋವಿಂದರಾಯರ ಸ್ನೇಹಿತರಾಗಿದ್ದ ಆಪಟೆಯವರೊಡನೆ ಆಕೆಗೆ ದೀರ್ಘಕಾಲದ ಸಾಹಿತ್ಯಕ ಸಖ್ಯವಿತ್ತು. ಆಪಟೆಯವರ ಪತ್ರಗಳನ್ನು ಆಕೆ ಪ್ರಕಟಿಸಿದರು. ಈ ಸಂಬಂಧವನ್ನು ಗುರುಶಿಷ್ಯ ಸಂಬಂಧವೆಂದು ವರ್ಣಿಸಿ, ಆಪಟೆಯವರನ್ನು ಗುರುಸ್ಥಾನದಲ್ಲಿ ಕೂರಿಸುವುದುಂಟು. ಕಲಿಕೆ ಎರಡೂ ಕಡೆ ಹರಿಯಿತೆಂದು ನಾವು ಭಾವಿಸುತ್ತೇವೆ. ಕಥೆಯ ಹಂದರವನ್ನು ಆಕೆ ಅವರಿಂದ ಕಲಿತಿರಬಹುದು. ಹೆಣ್ಣು ತನ್ನೊಳಗೆ ಆಡಿಕೊಳ್ಳುವ ಮಾತನ್ನು ಆಕೆಯಂಥವರಿಂದಲ್ಲದೆ ಅವರು ಬೇರೆಲ್ಲಿ ಕಲಿಯಬೇಕಿತ್ತು? ಕಾಶೀಬಾಯಿಯವರ ಬರಹವನ್ನು ಮೀರಾ ಕೋಸಂಬಿಯವರು 2008ರಲ್ಲಿ ಇಂಗ್ಲಿಷಿನಲ್ಲಿ ಒದಗಿಸಿದ ಮೇಲೆ ಇಂಥ ಪ್ರಶ್ನೆಯನ್ನು ಮರಾಠಿ ಬಾರದವರೂ ಎತ್ತಬಹುದಾಗಿದೆ.

ಇನ್ನು ಕನ್ನಡದ ಮಾತು. ಧಾರವಾಡ, ಬೆಳಗಾವಿ ಪ್ರಾಂತಗಳು ಮುಂಬಯಿ ಆಧಿಪತ್ಯದಲ್ಲಿದ್ದ ಕಾಲದಲ್ಲಿ ಆ ಕಡೆಯ ವಿದ್ಯಾವಂತರಿಗೆ ಪುಣೆಯು ವಿದ್ಯಾನಗರಿಯೇ ಆಗಿತ್ತು. ಆಲೂರು ವೆಂಕಟರಾಯರೂ ಬೇಂದ್ರೆಯವರೂ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ಆಪಟೆಯವರನ್ನು ಕನ್ನಡದ ಮನೆಮನೆಗೆ ತಲುಪಿಸಿದವರು ಮಾತ್ರ ಶಾಲಾಶಿಕ್ಷಕರಾಗಿದ್ದ ಗಳಗನಾಥರು (1869–1942). ‘ಕಮಲಕುಮಾರಿ’ಯು ‘ಗಡ ಆಲಾ ಪಣ ಸಿಂಹ ಗೇಲಾ’ ಕೃತಿಯನ್ನೂ, ‘ಕನ್ನಡಿಗರ ಕರ್ಮಕಥೆ’ಯು ‘ವಜ್ರಾಘಾತ’ವನ್ನೂ ಆಧರಿಸಿವೆ. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗೆ ಅವರ ಕಥನವೇ ಜೀವಾಳವಾಗಿತ್ತು. ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಅವರ ಸಾಹಸವನ್ನು ನಮ್ಮವರು ತ್ಯಾಗದ ಕಥೆಯೆಂದೇ ಹೇಳುತ್ತ ಬಂದಿದ್ದಾರೆ. ಅದು ಮಾರುಕಟ್ಟೆಯೇ ಇಲ್ಲದೆಡೆ ಮಾರುಕಟ್ಟೆಯನ್ನು ಕಟ್ಟಿದ ಕಥೆಯೂ ಹೌದು. ಕೊಳ್ಳುವ ಮನೆಯ ಹೊಸ್ತಿಲಲ್ಲಿ ನಿಂತ ಲೇಖಕನಿಗೆ ಓದುಗರ ರುಚಿ ತಿಳಿಯದೆ ಇರುವುದೆಂತು?

ಆದರೆ ಇಲ್ಲೊಂದು ಆಯ್ಕೆಯಿದೆ. ಗಳಗನಾಥರಿಗೆ ಹೆಸರು ತಂದ ರೂಪಾಂತರಗಳು ಆಪಟೆಯವರ ಐತಿಹಾಸಿಕ ಕಾದಂಬರಿಗಳಿಂದ ಬಂದವು. ಕಮಲಕುಮಾರಿ ಬಂದಳು, ಯಮುವಿಗೆ ಆ ಸ್ಥಾನ ದೊರೆಯಲಿಲ್ಲ. ಶೌರ್ಯ, ಪಾತಿವ್ರತ್ಯ, ಸದ್ಬೋಧ ಇವುಗಳನ್ನುಳ್ಳ ಕಥೆಯನ್ನು ಹಿರಿಯರು ಮನೆಯೊಳಗೆ ಬಿಟ್ಟರು. ಹದಿನೇಳನೆಯ ಶತಮಾನದ ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ವನ್ನು ಹಾಡಿ ಕೇಳಿ ಪಳಗಿದ ಕಿವಿಗಳಿಗೆ ಈ ಬೋಧೆ ಹೊಸತಾಗಿರಲಿಲ್ಲ. ಅಲ್ಲಿಯೂ ಹೆಣ್ಣು ಹೆಣ್ಣುಗಳಿಗೇ ಹೇಳುತ್ತಾಳೆ, ಧರ್ಮದ ಚೌಕಟ್ಟಿನೊಳಗೆ ನಿಂತು. ಹೀಗೆ ಪುಣೆಯ ಕಥನಕೌಶಲ ನಮಗೆ ದಕ್ಕಿತು. ಹೆಣ್ಣಿನ ಸ್ವಗತ ಆ ದಾರಿಯಾಗಿ ಬರಲಿಲ್ಲ.

ಅದು ಬಂದದ್ದು ಬೇರೆ ಕಡೆಯಿಂದ. ನಂಜನಗೂಡಿನ ತಿರುಮಲಾಂಬ (1887–1982) ಬಾಲ್ಯದಲ್ಲಿಯೇ ವಿಧವೆಯಾದವರು. 1913ರ ಸುಮಾರಿಗೆ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ತೆರೆದು ‘ಸುಶೀಲೆ’ಯನ್ನು ಪ್ರಕಟಿಸಿದರು, ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂವರೂ ಒಬ್ಬರೇ. ಮಾಲೆಯ ಹೆಸರು ಪಾತಿವ್ರತ್ಯದ್ದು, ಆದರೆ ಅದನ್ನು ನಡೆಸಿದ ಕೈ ಒಬ್ಬ ವಿಧವೆಯದು. ಆ ಹೆಸರಿಲ್ಲದಿದ್ದರೆ ಎಷ್ಟು ಮನೆಗಳ ಬಾಗಿಲು ತೆರೆಯುತ್ತಿತ್ತೆಂದು ನಾವು ಕೇಳಿಕೊಳ್ಳಬೇಕು. ‘ಕರಮಣೂಕ’ ಎಂಬ ಹೆಸರು ಪುಣೆಯಲ್ಲಿ ಮಾಡಿದ ಕೆಲಸವನ್ನೇ ಇದು ಇಲ್ಲಿ ಮಾಡಿತು. ಆಪಟೆಯವರು ಕೇಳಿ ತಿಳಿಯಬೇಕಾದುದು ಈಕೆಗೆ ಬದುಕಿನಿಂದಲೇ ಗೊತ್ತಿತ್ತು. ಅವರಿಗಿದ್ದ ವಿಮರ್ಶಕರ ಮನ್ನಣೆ ಮಾತ್ರ ಈಕೆಗೆ ಬಹುಕಾಲ ಸಲ್ಲಲಿಲ್ಲ.

ಮುಂದೆ ತ್ರಿವೇಣಿಯವರ (1928–1963) ಕಾಲಕ್ಕೆ ಓದುಗಳು ತಾನೇ ಪುಸ್ತಕವನ್ನು ಆರಿಸಿಕೊಳ್ಳುವ ಸ್ಥಿತಿಗೆ ಬಂದಿದ್ದಳು. ಬಾಡಿಗೆ ಪುಸ್ತಕಾಲಯಗಳೂ ವಾರಪತ್ರಿಕೆಗಳೂ ಅವಳ ನೆರವಿಗಿದ್ದವು. ಆ ಸಮೃದ್ಧಿಗೆ ನಮ್ಮ ವಿಮರ್ಶೆ ಇಟ್ಟ ಹೆಸರು ‘ಅಡುಗೆಮನೆ ಸಾಹಿತ್ಯ’. ಯಮುವಿನ ಅಡುಗೆಮನೆಯನ್ನು ವಾಸ್ತವತೆಯೆಂದು ಹೊಗಳಿ, ಕನ್ನಡ ಲೇಖಕಿಯರ ಅಡುಗೆಮನೆಯನ್ನು ಮಿತಿಯೆಂದು ತಳ್ಳುವ ಈ ಇಬ್ಬಗೆಯ ಅಳತೆಯಲ್ಲಿ, ಅದನ್ನು ತರಗತಿಗಳಲ್ಲಿ ಪಾಠ ಮಾಡಿದ ನಮ್ಮ ತಲೆಮಾರಿನ ಪಾಲೂ ಇದೆ.

ಕೇಶಮುಂಡನಕ್ಕೆ ಒಳಗಾದ ಬಾಲವಿಧವೆಯ ಬದುಕು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲಿ ಕನ್ನಡದ ಓದುಗಳ ಕೈ ಸೇರಿದ್ದು 1976ರಲ್ಲಿ. ‘ಕರಮಣೂಕ’ದಲ್ಲಿ ಯಮು ತನ್ನ ಕಥೆಯನ್ನು ಹೇಳತೊಡಗಿ ಅಷ್ಟು ಹೊತ್ತಿಗೆ ಎಂಬತ್ತಾರು ವರ್ಷಗಳಾಗಿದ್ದವು.