ಸಣ್ಣ ಕಾರಿನ ಡಿಕ್ಕಿ ತಳ ಬಾಗಿದೆಯೇ? ಹಲಗೆಯೋ, ತಗಡೋ ಮೊದಲು ತಿಳಿಯಿರಿ

ಕೊಳ್ಳೇಗಾಲ: ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟಕ್ಕೆ ಕುಟುಂಬ ಸಮೇತ ಹೊರಡುವವರು ಅಕ್ಕಿ, ಪಾತ್ರೆ, ನೀರಿನ ಕ್ಯಾನುಗಳನ್ನು ಸಣ್ಣ ಕಾರಿನ ಡಿಕ್ಕಿಯಲ್ಲೇ ತುಂಬಿಕೊಳ್ಳುವುದು ಸಾಮಾನ್ಯ. 25 ಕೆ.ಜಿ. ಅಕ್ಕಿ ಮೂಟೆಯ ಜತೆ 20 ಲೀಟರಿನ ಎರಡು ಕ್ಯಾನು ಸೇರಿದರೆ ತಳದ ಮೇಲೆ 65 ಕೆ.ಜಿ.ಗೂ ಅಧಿಕ ಭಾರ ಬೀಳುತ್ತದೆ. ಘಾಟಿ ರಸ್ತೆಯ ತಿರುವು, ಗುಂಡಿಗಳಲ್ಲಿ ಆ ಭಾರ ಕುಲುಕಿದಂತೆಲ್ಲ ತಳ ಬಾಗತೊಡಗುತ್ತದೆ.

ಎರಡು ಪದರ

ಬಹುತೇಕ ಸಣ್ಣ ಕಾರುಗಳಲ್ಲಿ ಕಣ್ಣಿಗೆ ಕಾಣುವ ತಳವು ಸ್ಟೆಪ್ನಿ ಗುಂಡಿಯ ಮುಚ್ಚಳ ಮಾತ್ರ. ಮರದ ನಾರನ್ನು ಒತ್ತಿ ತಯಾರಿಸಿದ ಈ ಹಲಗೆ ತೇವ ಹೀರಿದರೆ ಮೆತ್ತಗಾಗುತ್ತದೆ. ಅದರ ಕೆಳಗಿರುವುದು ಉಕ್ಕಿನ ತಗಡು. ಇಂತಹ ಕಾರುಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲದ ಕಾರಣ ತಗಡಿನ ಒಡಲೇ ಭಾರ ಹೊರುತ್ತದೆ. ಹಲಗೆ ಬಾಗಿದರೆ ಅನನುಕೂಲ. ತಗಡು ಸವೆದರೆ ಅಪಾಯ.

ಪರೀಕ್ಷೆ ಹೇಗೆ?

ಹಲಗೆ ಹಾಗೂ ಸ್ಟೆಪ್ನಿಯನ್ನು ಹೊರತೆಗೆದು ಗುಂಡಿಯನ್ನು ಒರೆಸಬೇಕು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಗಟ್ಟಿ ತಗಡು ಖಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ನೀರು ನಿಂತಿದ್ದರೆ ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಹಾಗೂ ಹಿಂದಿನ ದೀಪಗಳ ಸಂದಿಯನ್ನು ಪರಿಶೀಲಿಸಬೇಕು.

2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಪ್ರವಾಹ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ ಮೊದಲಾದ ಗ್ರಾಮಗಳಿಗೆ ನುಗ್ಗಿತ್ತು. 2022ರಲ್ಲಿ ಸುವರ್ಣಾವತಿ ಉಕ್ಕಿ ಯಳಂದೂರು ತಾಲ್ಲೂಕಿನ ಗ್ರಾಮಗಳೂ ಜಲಾವೃತವಾಗಿದ್ದವು. ಹೀಗೆ ನೀರಿನಲ್ಲಿ ನಿಂತ ಕಾರುಗಳ ಗುಂಡಿಯಲ್ಲಿ ಉಳಿಯುವ ಕೆಸರು ತೇವವನ್ನು ಹಿಡಿದಿಟ್ಟು ತಗಡನ್ನು ಒಳಗಿಂದಲೇ ತಿನ್ನುತ್ತದೆ. ಹಳೆಯ ಕಾರು ಕೊಳ್ಳುವವರು ಹಲಗೆ ಎತ್ತಿ ನೋಡದೆ ಹಣ ಕೊಡಬಾರದು.

ಹಲಗೆ ಮಾತ್ರ ಬಾಗಿದ್ದರೆ

ಹಳೆಯ ಹಲಗೆಯನ್ನೇ ಅಳತೆಯಾಗಿಟ್ಟು 12 ಮಿ.ಮೀ. ಪ್ಲೈವುಡ್ ಕತ್ತರಿಸಿಕೊಳ್ಳಬಹುದು. ಒಂದೇ ವಸ್ತುವಿನ ಹಲಗೆ ಇಮ್ಮಡಿ ದಪ್ಪವಾದರೆ ಬಾಗದಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ತೇವಕ್ಕೆ ಜಗ್ಗದು. ಆದರೂ ಅಂಚುಗಳಿಗೆ ವಾರ್ನಿಷ್ ಬಳಿಯುವುದು ಲೇಸು. ಒಂದು ಮೀಟರ್ ಉದ್ದ, 60 ಸೆಂ.ಮೀ. ಅಗಲದ ತುಂಡು ಸುಮಾರು 5 ಕೆ.ಜಿ. ತೂಗುತ್ತದೆ. ಇದನ್ನು ಸ್ಕ್ರೂ ಹಾಕಿ ಬಿಗಿಯದೆ ಎತ್ತಲು ಪಟ್ಟಿಯೊಂದನ್ನು ಜೋಡಿಸಬೇಕು. ಇಲ್ಲವಾದರೆ ಘಾಟಿಯಲ್ಲಿ ಪಂಕ್ಚರ್ ಆದಾಗ ಸ್ಟೆಪ್ನಿ ಕೈಗೆ ಸಿಗದು.

ತಗಡೇ ತೂತಾಗಿದ್ದರೆ

ಪ್ಲೈವುಡ್ ಮುಚ್ಚಿ ಸುಮ್ಮನಾಗುವಂತಿಲ್ಲ. ಸೈಲೆನ್ಸರ್ ಸಾಮಾನ್ಯವಾಗಿ ಡಿಕ್ಕಿಯ ಕೆಳಗೇ ಇರುವುದರಿಂದ ತೂತಿನ ಮೂಲಕ ಕಾರ್ಬನ್ ಮೊನಾಕ್ಸೈಡ್ ಒಳನುಗ್ಗಬಹುದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿ ಹಿಂದಿನ ಸೀಟಿನಲ್ಲಿ ನಿದ್ರಿಸುವ ಮಕ್ಕಳು ಮೊದಲು ಅಪಾಯಕ್ಕೆ ಸಿಲುಕುತ್ತಾರೆ. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಪ್ರೈಮರ್ ಮತ್ತು ಸೀಲರ್ ಬಳಿಸುವುದೇ ಸರಿಯಾದ ಪರಿಹಾರ. ಪೆಟ್ರೋಲ್ ಟ್ಯಾಂಕ್ ಬಹುತೇಕ ಹಿಂದಿನ ಸೀಟಿನ ಕೆಳಗಿರುವುದರಿಂದ ವೆಲ್ಡಿಂಗ್ ಕೆಲಸವನ್ನು ಅನುಭವಿಗಳಿಗೇ ಒಪ್ಪಿಸಬೇಕು; ಬ್ಯಾಟರಿ ಸಂಪರ್ಕವನ್ನೂ ತಪ್ಪಿಸಿರಬೇಕು.

ಖಾಸಗಿ ಕಾರಿಗೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ ಸಾರಿಗೆ ಅಧಿಕಾರಿಗಳ ತಪಾಸಣೆ ಕಡ್ಡಾಯ. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿರುವುದರಿಂದ ಅಂತಹ ಹಳೆಯ ಕಾರುಗಳ ಮಾಲೀಕರು ತಪಾಸಣೆಗೆ ಮುನ್ನವೇ ತಳ ಪರೀಕ್ಷಿಸಿಕೊಳ್ಳುವುದು ಒಳಿತು.