ತ್ರೀ ಒನ್ ಫೈವ್: ಒಂದು ಬೇಟೆ ಕೋವಿಯ ಚರಿತ್ರೆ

ನಮ್ಮ ಚರಿತ್ರೆ ಪುಸ್ತಕಗಳಲ್ಲಿ ರಾಜನ ಕತ್ತಿಗೆ ಜಾಗ ಇದೆ. ಕೋಟೆಗೆ, ಫಿರಂಗಿಗೆ ಜಾಗ ಇದೆ. ಪಟೇಲರ ಪಡಸಾಲೆಯ ಗೋಡೆಗೆ ತೂಗುಹಾಕಿದ ಬೇಟೆ ಕೋವಿಗೆ ಮಾತ್ರ ಜಾಗ ಇಲ್ಲ. ಹಳ್ಳಿಯ ಜನ ಕತ್ತಿಯನ್ನು ನೋಡಿದ್ದು ನಾಟಕದಲ್ಲಿ. ಕೋವಿಯನ್ನು ನೋಡಿದ್ದು ಕಣ್ಣೆದುರಿಗೆ. ಆ ಕೋವಿ ಎಲ್ಲಿಂದ ಬಂತು, ಯಾರು ಮಾಡಿದರು, ಯಾರ ಕೈಗೆ ಕೊಟ್ಟರು, ಯಾರ ಕೈಗೆ ಕೊಡಲಿಲ್ಲ? ಇದನ್ನು ಕೇಳಿದರೆ ಊರಿನ ಚರಿತ್ರೆಯ ಅರ್ಧ ಹೊರಬೀಳುತ್ತೆ.

ಹಾಸನ ತಾಲ್ಲೂಕಿನ ದುದ್ದ ಹೋಬಳಿ ಬಯಲಿಗೆ ಸೇರಿದ್ದು. ಅದೇ ಜಿಲ್ಲೆಯ ಪಡುವಣಕ್ಕೆ ಸಕಲೇಶಪುರ. ಅಲ್ಲಿ ಮಲೆ, ಮಳೆ, ಕಾಫಿ. ಬಯಲಾಗಲಿ ಮಲೆಯಾಗಲಿ, ಕೋವಿಯಲ್ಲಿ ಮುಖ್ಯವಾಗಿ ಮೂರು ಥರ. ಬಾಯಿಂದ ಮದ್ದು, ಚಿಂದಿ, ಚರೆ ತುಂಬಿ ಗಜದಿಂದ ಜಡಿಯುವ ಕೇಪಿನ ಕೋವಿ ಬಡವರದ್ದು. ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ ತೋಟಾ ಕೋವಿ ಉಳ್ಳವರದ್ದು. ಮೂರನೆಯದು ರೈಫಲ್. ಇದು ಸಾಹುಕಾರರದ್ದು, ಎಸ್ಟೇಟಿನವರದ್ದು. ಈ ಲೇಖನ ಈ ಮೂರನೆಯದರ ಮೇಲೆ. ಅದರಲ್ಲೂ ಇಂಡಿಯಾದಲ್ಲೇ ತಯಾರಾಗುವ ತ್ರೀ ಒನ್ ಫೈವ್ ಅನ್ನೋ ಬೇಟೆ ರೈಫಲ್ಲಿನ ಮೇಲೆ.

ಮೊದಲು ಅದು ಕೆಲಸ ಮಾಡುವ ಬಗೆ ನೋಡೋಣ. ತೋಟಾ ಕೋವಿಯ ನಳಿಗೆ ಒಳಗೆ ನುಣುಪು. ರೈಫಲ್ಲಿನ ನಳಿಗೆಯೊಳಗೆ ತಿರುಪಿನ ಹಾಗೆ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ. ಚರೆ ಚದುರುತ್ತೆ, ಇಲ್ಲಿ ಒಂದೇ ಗುಂಡು, ಬುಗುರಿಯ ಹಾಗೆ ತಿರುಗುತ್ತಾ ದೂರಕ್ಕೆ ನೇರ ಹೋಗುತ್ತೆ. ನಳಿಗೆಯ ಹಿಂಬದಿಯನ್ನು ಮುಚ್ಚುವುದಕ್ಕೆ ಒಂದು ಬೋಲ್ಟು. ಬೋಲ್ಟು ಅಂದರೆ ಬೇರೇನಲ್ಲ, ಬಾಗಿಲ ಚಿಲಕ. ಹಿಡಿ ಮೇಲಕ್ಕೆತ್ತಿ ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಆಚೆ ಹಾರುತ್ತೆ. ಮುಂದಕ್ಕೆ ತಳ್ಳಿದರೆ ಕೆಳಗಿನ ಡಬ್ಬಿಯಿಂದ ಹೊಸ ತೋಟಾ ಒಳಗೆ ಹೋಗುತ್ತೆ. ಹಿಡಿ ಕೆಳಗೆ ಒತ್ತಿದರೆ ಬಾಗಿಲು ಭದ್ರ. ಕೇಪಿನ ಕೋವಿಯವನು ಒಂದು ಈಡು ಹೊಡೆದು ಇನ್ನೊಂದಕ್ಕೆ ಮದ್ದು ಜಡಿಯುವಷ್ಟರಲ್ಲಿ ಚಿಲಕದ ಕೋವಿಯವನು ಐದೂ ಮುಗಿಸಿರುತ್ತಾನೆ.

ಈ ಚಿಲಕವನ್ನು ಕಂಡುಹಿಡಿದವನು ಜೇಮ್ಸ್ ಪ್ಯಾರಿಸ್ ಲೀ. 1831ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು, ಕೆನಡಾದಲ್ಲಿ ಬೆಳೆದು ಅಮೆರಿಕದಲ್ಲಿ ಕೋವಿ ಕೆಲಸ ಮಾಡಿದವನು. ಬ್ರಿಟಿಷ್ ಸೇನೆ 1888ರಲ್ಲಿ ಅವನ ಚಿಲಕವನ್ನು ಒಪ್ಪಿಕೊಂಡಿತು. 1895ರಲ್ಲಿ ಅದಕ್ಕೆ ಲಂಡನ್ ಪಕ್ಕದ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆ ರೂಪಿಸಿದ ನಳಿಗೆ ಸೇರಿಸಿದರು. ಅದೇ ಲೀ-ಎನ್‌ಫೀಲ್ಡ್. ಅದರ ಗುಂಡಿನ ಅಳತೆ .303 ಇಂಚು. ನಮ್ಮ ಜನ ‘ತ್ರೀ ನಾಟ್ ತ್ರೀ’ ಅಂತ ಕರೆದದ್ದು ಇದನ್ನೇ. ಪೊಲೀಸಿನವರ ಹೆಗಲ ಮೇಲೆ ದಶಕಗಟ್ಟಲೆ ತೂಗಿದ್ದೂ ಇದೇ.

ಸರ್ಕಾರಿ ಕಾರ್ಖಾನೆಯ ಜೊತೆಗೆ ಖಾಸಗಿ ಕಂಪನಿಯೊಂದೂ ಇತ್ತು. 1861ರಲ್ಲಿ ಬರ್ಮಿಂಗ್‌ಹ್ಯಾಮ್ ಊರಿನ ಕೋವಿ ಕಸುಬಿನವರು ಸೇರಿ ಕಟ್ಟಿದ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿ. ಹೆಸರು ಹೊಸದು ಅನಿಸಬಹುದು. ಆದರೆ ಬಿ.ಎಸ್.ಎ. ಅಂದರೆ ಹಳ್ಳಿ ಮೇಷ್ಟ್ರುಗಳಿಗೆ ತಟ್ಟನೆ ಸೈಕಲ್ಲು ನೆನಪಾಗುತ್ತೆ. ಅದೇ ಹೆಸರು. ಕೋವಿ ಮಾಡುವ ಯಂತ್ರಗಳಲ್ಲೇ ಆ ಕಂಪನಿ ಸೈಕಲ್ಲು, ಮೋಟಾರು ಸೈಕಲ್ಲುಗಳಿಗೂ ಇಳಿಯಿತು. ಮೂರು ಕೋವಿಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ್ದೇ ಅದರ ಗುರುತು. ಎನ್‌ಫೀಲ್ಡ್ ಬುಲೆಟ್ಟಿನ ಹೆಸರೂ ಹೀಗೇ ಬಂದದ್ದು. ಎನ್‌ಫೀಲ್ಡಿನ ಕೋವಿ ಕಾರ್ಖಾನೆಗೆ ಬಿಡಿಭಾಗ ಒದಗಿಸಿದ ಕಂಪನಿ ಆ ಹೆಸರು ಇಟ್ಟುಕೊಂಡಿತು. ಹಾಸನದಿಂದ ದುದ್ದಕ್ಕೆ ಸೈಕಲ್ಲು ತುಳಿದವರು, ಬುಲೆಟ್ಟಿನಲ್ಲಿ ಬಂದವರು ಎಲ್ಲರೂ ಗೊತ್ತಿಲ್ಲದೇ ಕೋವಿಯ ಹೆಸರು ಹೊತ್ತೇ ತಿರುಗಿದ್ದಾರೆ.

ಎನ್‌ಫೀಲ್ಡ್ ಅನ್ನೋ ಹೆಸರನ್ನು ಇನ್ನೊಂದು ಕಡೆ ನಾವು ಓದಿದ್ದೇವೆ: 1857. ಹಸು ಹಂದಿಗಳ ಕೊಬ್ಬು ಸವರಿದ ತೋಟಾ ಅಂತ ಸಿಪಾಯಿಗಳು ತಿರುಗಿಬಿದ್ದದ್ದು ಆ ಕಾರ್ಖಾನೆಯ ಹೆಸರಿನ ಹಳೆಯ ಕೋವಿಯ ಮೇಲೆ. ಕೊಬ್ಬಿನ ಕಥೆಯನ್ನು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆಮೇಲೆ ಏನಾಯಿತು ಅನ್ನೋದನ್ನು ಹೇಳಿಕೊಡುವುದಿಲ್ಲ. ಬ್ರಿಟಿಷರು ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. 1878ರ ಆಯುಧ ಕಾಯಿದೆ ಅದಕ್ಕೆ ಗಟ್ಟಿ ರೂಪ ಕೊಟ್ಟಿತು. ಇಂಡಿಯಾದವನು ಕೋವಿ ಇಟ್ಟುಕೊಳ್ಳಲು ಲೈಸೆನ್ಸು ಬೇಕು, ಯೂರೋಪಿನವನಿಗೆ ರಿಯಾಯಿತಿ. ಚರ್ಮದ ಬಣ್ಣ ನೋಡಿ ಬರೆದ ಕಾನೂನು ಅದು.

ಅದೂ ಸಾಲದಾಯಿತು. ಸೇನೆಯ .303 ತೋಟಾ ಖಾಸಗಿ ಕೋವಿಗೆ ಹೊಂದಬಾರದು ಅಂತ ಯೋಚಿಸಿದರು. ಹೊಂದಿದರೆ, ದಂಡಿನ ಉಗ್ರಾಣದಿಂದ ಕದ್ದ ತೋಟಾ ಯಾವನೋ ರೈತನ ಕೋವಿಯಿಂದ ದೊರೆಯ ಎದೆಗೇ ಬರಬಹುದಲ್ಲ! ಹಾಗಾಗಿ ಸೇನೆಯ ಅಳತೆಯ ಕೋವಿಯನ್ನು ನಾಗರಿಕರಿಗೆ ನಿಷೇಧ ಮಾಡಿದರು. ಕೋವಿ ಮಾರುವವರಿಗೆ ವ್ಯಾಪಾರ ಬಿಡಲು ಮನಸ್ಸಿಲ್ಲ. ಅವರು ಆಸ್ಟ್ರಿಯಾ ದೇಶದ ಸೇನೆ 1890ರ ಸುಮಾರಿಗೆ ಬಳಸುತ್ತಿದ್ದ 8 ಮಿಲಿಮೀಟರಿನ ಮ್ಯಾನ್ಲಿಷರ್ ತೋಟಾ ಹಿಡಿದರು. ಇಂಚಿನ ಲೆಕ್ಕದಲ್ಲಿ ಅದು .315. ಚಿಲಕ ಅದೇ ಲೀ ಚಿಲಕ, ನಳಿಗೆ ಮಾತ್ರ ಬೇರೆ. ತ್ರೀ ಒನ್ ಫೈವ್ ಹುಟ್ಟಿದ್ದು ಹೀಗೆ. ಹುಲಿಯ ಗಾತ್ರ ನೋಡಿ ಇಟ್ಟ ಅಳತೆಯಲ್ಲ ಇದು, ಕಾಡಿನ ದೂರ ನೋಡಿ ಇಟ್ಟದ್ದೂ ಅಲ್ಲ. ಆಳುವವನಿಗೆ ಆಳಿಸಿಕೊಳ್ಳುವವನ ಮೇಲಿದ್ದ ಭಯದ ಅಳತೆ ಇದು.

ಇಂಡಿಯಾದಲ್ಲಿ ಇದನ್ನು ಮಾಡಿದ ಕಾರ್ಖಾನೆ ಬಂಗಾಳದ ಇಚ್ಛಾಪುರದ್ದು. ಕಲ್ಕತ್ತೆಯ ಉತ್ತರಕ್ಕೆ, ಹೂಗ್ಲಿ ನದಿಯ ದಡದಲ್ಲಿ. ಈಸ್ಟ್ ಇಂಡಿಯಾ ಕಂಪನಿ 1787ರಲ್ಲಿ ಅಲ್ಲಿ ಮದ್ದಿನ ಕಾರ್ಖಾನೆ ಕಟ್ಟಲು ಶುರು ಮಾಡಿತು; 1791ರಿಂದ ಮದ್ದು ತಯಾರಾಯಿತು. ಮೈಸೂರಿನ ಮೇಲೆ ಕಂಪನಿಯ ಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಅದೇ ಜಾಗದಲ್ಲಿ 1904ರಲ್ಲಿ ರೈಫಲ್ ಕಾರ್ಖಾನೆ ಬಂತು. ಎರಡು ಮಹಾಯುದ್ಧಗಳಿಗೂ ಲೀ-ಎನ್‌ಫೀಲ್ಡುಗಳು ಅಲ್ಲಿಂದ ಹೋದವು. 1947ರಲ್ಲಿ ಬಾವುಟ ಬದಲಾಯಿತು, ಕಾರ್ಖಾನೆ ನಮ್ಮದಾಯಿತು. ಆದರೆ ನಿಷೇಧ ಹಾಗೇ ಉಳಿಯಿತು. 1878ರ ಕಾಯಿದೆ ಹೋಗಿ 1959ರ ಆಯುಧ ಕಾಯಿದೆ ಬಂದಾಗಲೂ ‘ನಿಷೇಧಿತ ಅಳತೆ’ ಅನ್ನೋ ಮಾತು ಅದರೊಳಗೆ ಕೂತುಕೊಂಡಿತು. ಪೊಲೀಸಿಗೆ ತ್ರೀ ನಾಟ್ ತ್ರೀ, ದುಡ್ಡಿದ್ದ ನಾಗರಿಕನಿಗೆ ತ್ರೀ ಒನ್ ಫೈವ್. 2021ರ ಅಕ್ಟೋಬರ್ 1ರಂದು ಸರ್ಕಾರ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು ಮುಚ್ಚಿ ಏಳು ಕಂಪನಿ ಮಾಡಿತು. ಇಚ್ಛಾಪುರದ ರೈಫಲ್ ಕಾರ್ಖಾನೆ ಈಗ ಅವುಗಳಲ್ಲೊಂದರ ಕೈಯಲ್ಲಿದೆ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಸಕಲೇಶಪುರದ ಕಡೆಯ ಮಂಜರಾಬಾದಿನಲ್ಲಿ 1850ರ ದಶಕದಿಂದ ಬಿಳಿಯ ಕಾಫಿ ತೋಟದವರು ನೆಲೆಯೂರಿದರು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬುವವನು 1894ರಲ್ಲಿ ಒಂದು ಪುಸ್ತಕ ತಂದ. ಮೈಸೂರು ಸೀಮೆಯ ಚಿನ್ನ, ಶಿಕಾರಿ, ಕಾಫಿ ಬೇಸಾಯ ಈ ಮೂರೂ ಸೇರಿ ಅದರ ಹೆಸರು. ಒಂದು ಸೀಮೆಯ ನೆಲದಡಿಯದ್ದು, ಕಾಡಿನದ್ದು, ಬೆಟ್ಟದ್ದು, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವ ಧೈರ್ಯ ನೋಡಿ. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನಿನ ರಕ್ಷಣೆಗೆ ಕಾನೂನು ತಂದಿತು. ರಕ್ಷಣೆ ಅಂದರೆ ಪ್ರಾಣಿಗೆ ಮಾತ್ರ ಅಲ್ಲ. ದೊರೆಗಳ ಶಿಕಾರಿಯ ರಕ್ಷಣೆ ಕೂಡ.

ಮಲೆಸೀಮೆಯ ಬೇಟೆಗೆ ಒಂದು ಕಟ್ಟಳೆ ಇತ್ತು. ಕೋವಿ ಇದ್ದವರು ಪ್ರಾಣಿ ಬರುವ ದಾರಿಯಲ್ಲಿ ಬಿಲ್ಲಿಗೆ ನಿಲ್ಲುತ್ತಾರೆ. ಕೋವಿ ಇಲ್ಲದವರು ಹಳು ನುಗ್ಗುತ್ತಾರೆ. ಪೊದೆಯೊಳಗೆ ಕೂಗು ಹಾಕುತ್ತಾ, ದೊಣ್ಣೆ ಬಡಿಯುತ್ತಾ ಪ್ರಾಣಿಯನ್ನು ಬಿಲ್ಲಿನ ಕಡೆಗೆ ಅಟ್ಟುವುದು ಇವರ ಕೆಲಸ. ಮುಳ್ಳು ಇವರ ಕಾಲಿಗೆ. ಗಾಯಗೊಂಡ ಹಂದಿ ತಿರುಗಿಬಿದ್ದರೆ ಮೊದಲು ಸಿಗುವವರು ಇವರು. ಗುರಿ ತಪ್ಪಿದ ಗುಂಡು ಹೋಗುವುದೂ ಇವರ ಕಡೆಗೇ. ಪಾಲು ಹಾಕುವಾಗ ಕೋವಿಗೊಂದು ಪಾಲು, ನಾಯಿಗೊಂದು ಪಾಲು ಅನ್ನೋ ಲೆಕ್ಕ ಇತ್ತು. ಅಂದರೆ ಕೋವಿ ಇದ್ದವನಿಗೆ ಎರಡು ಪಾಲು, ಮೈ ಒಡ್ಡಿದವನಿಗೆ ಒಂದು. ಶಿಕಾರಿಯ ಫೋಟೋಗಳನ್ನು ನೋಡಿ. ಸತ್ತ ಹುಲಿಯ ತಲೆಯ ಮೇಲೆ ಕಾಲಿಟ್ಟವನ ಹೆಸರು ಕೆಳಗೆ ಬರೆದಿರುತ್ತೆ. ಹುಲಿಯನ್ನು ಅಟ್ಟಿದವರು ಹಿಂದಿನ ಸಾಲಿನಲ್ಲಿ ಹೆಸರಿಲ್ಲದೆ ನಿಂತಿರುತ್ತಾರೆ.

ಈ ಕಟ್ಟಳೆ ಕಾಡಿನದು ಮಾತ್ರ ಅಂದುಕೊಳ್ಳಬೇಡಿ. ಕಾನೂನಿನಲ್ಲೂ ಇದೇ ಇದೆ. 1959ರ ಕಾಯಿದೆಯ 13ನೇ ಕಲಂ ಓದಿ. ಬೆಳೆ ಕಾಯುವುದಕ್ಕೆ ಬಾಯಿಂದ ಮದ್ದು ತುಂಬುವ ಕೋವಿ. ರಕ್ಷಣೆಗೋ ಶಿಕಾರಿಗೋ 20 ಇಂಚಿಗೆ ಕಡಿಮೆ ಇಲ್ಲದ ನುಣುಪು ನಳಿಗೆಯ ಕೋವಿ. ರೈಫಲ್ ಬೇಕು ಅಂದರೆ ಅಧಿಕಾರಿಗೆ ಒಪ್ಪಿಗೆಯಾಗುವ ‘ತಕ್ಕ ಕಾರಣ’ ಬೇಕು. ಬೆಳೆ ಕಾಯಬೇಕಾದರೆ ಬೆಳೆ ಇರಬೇಕು; ಬೆಳೆಗೆ ಭೂಮಿ ಇರಬೇಕು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡಿದವನ ಹೆಸರು ಯಾವ ಪಹಣಿಯಲ್ಲಿತ್ತು? ರಾತ್ರಿಯೆಲ್ಲಾ ಇನ್ನೊಬ್ಬರ ಹೊಲದ ಅಟ್ಟಣೆಯಲ್ಲಿ ಕೂತು ಹಂದಿ ಓಡಿಸಿದವನ ಕೈಗೆ ಸಿಕ್ಕಿದ್ದು ತಮಟೆ, ಡಬ್ಬ, ಕೊಳ್ಳಿ. ಕೋವಿಯ ಲೈಸೆನ್ಸು ಹೊಲದ ಯಜಮಾನನ ಹೆಸರಿಗೆ.

ಪಕ್ಕದ ಕೊಡಗಿನಲ್ಲಿ ಈ ಮಾತು ಇನ್ನೂ ಬಿಚ್ಚಿ ಕಾಣುತ್ತೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರನ್ನು ಆಯುಧ ಕಿತ್ತುಕೊಳ್ಳುವ ಕಾನೂನಿನಿಂದ ಬಿಟ್ಟುಬಿಟ್ಟ. ಬ್ರಿಟಿಷರಿಗೆ ನಿಷ್ಠೆ ತೋರಿದ್ದಕ್ಕೆ ಕೊಟ್ಟ ಬಹುಮಾನ ಅದು. ಸ್ವತಂತ್ರ ಸರ್ಕಾರ 1963ರಲ್ಲಿ ಅದನ್ನು ಮುಂದುವರಿಸಿತು: ಕೊಡವ ಕುಲದವರಿಗೆ ಮತ್ತು ಜಮ್ಮಾ ಭೂಮಿ ಉಳ್ಳವರಿಗೆ ರಿಯಾಯಿತಿ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೊಡವರಿಗೆ ಕೋವಿ ಹಬ್ಬದ್ದು, ಹುಟ್ಟು ಸಾವಿನದ್ದು. ಅವರ ಮೇಲೆ ನಮ್ಮ ಜಗಳ ಇಲ್ಲ. ಕೇಳಬೇಕಾದ್ದು ಅಳತೆಗೋಲಿನ ಬಗ್ಗೆ. ಕೋವಿಗೆ ಅರ್ಹತೆ ಹುಟ್ಟು ಮತ್ತು ಭೂಮಿ ಅಂತಾದರೆ, ಅದೇ ಕಾಡಿನಲ್ಲಿ ಬೇಟೆಯನ್ನೇ ಬದುಕು ಮಾಡಿಕೊಂಡಿದ್ದ, ಜಮ್ಮಾ ಇಲ್ಲದ ಎರವ, ಕುರುಬರು ಯಾವ ಬಾಗಿಲಿಗೆ ಹೋಗಬೇಕು?

ನಮ್ಮ ಜನಕ್ಕೆ ಕೋವಿ ಹಿಡಿಯಲು ಬರುತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೇನೆಯಲ್ಲಿ ಮಹಾರರು ದೊಡ್ಡ ಸಂಖ್ಯೆಯಲ್ಲಿದ್ದರು. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಸೇನೆಯಲ್ಲಿ ಸುಬೇದಾರರು. 1890ರ ದಶಕದಲ್ಲಿ ‘ಯೋಧ ಕುಲ’ ಅನ್ನೋ ಹೊಸ ಸಿದ್ಧಾಂತ ಹೇಳಿ ಬ್ರಿಟಿಷರು ಮಹಾರರಿಗೆ ಸೇನೆಯ ಬಾಗಿಲು ಹಾಕಿದರು. ಅದು ಲೀ-ಎನ್‌ಫೀಲ್ಡ್ ಹುಟ್ಟಿದ ದಶಕವೇ. ಮನುವಿನ ಮಾತನ್ನೇ ಇಂಗ್ಲಿಷಿನಲ್ಲಿ ಬರೆದರು ಅಷ್ಟೆ. ಎರಡನೇ ಮಹಾಯುದ್ಧದಲ್ಲಿ ಜನ ಬೇಕಾದಾಗ, ಅಂಬೇಡ್ಕರರ ಒತ್ತಾಯವೂ ಸೇರಿ, 1941ರಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ ಮೊದಲ ದಳ ಕಟ್ಟಿದರು. ಕೈ ಅದೇ ಕೈ. ಬೇಕಾದಾಗ ಯೋಧ, ಬೇಡವಾದಾಗ ಹಳು ನುಗ್ಗುವವನು.

1972ರ ವನ್ಯಜೀವಿ ಕಾಯಿದೆಯಿಂದ ಶಿಕಾರಿಗೆ ಕೊನೆ ಬಂತು. ಒಳ್ಳೆಯದೇ ಆಯಿತು. ಆದರೆ ಬೇಟೆ ಹೋದರೂ ಬೇಟೆ ಕೋವಿ ಹೋಗಲಿಲ್ಲ. ಹಾಗಾದರೆ ಅದು ಈಗ ಯಾತಕ್ಕೆ? ಆನೆ ಕಾಟದ ಆಲೂರು, ಸಕಲೇಶಪುರಗಳಲ್ಲಿ ಆನೆಯನ್ನು ಅದರಿಂದ ಹೊಡೆಯುವಂತಿಲ್ಲ. ಮುಂಜಾನೆ ಮಂಜಿನಲ್ಲಿ ತೋಟಕ್ಕೆ ನಡೆದುಹೋಗುವ ಕೂಲಿಯವರು ಆನೆ ಕಾಲಿಗೆ ಸಿಕ್ಕು ಸಾಯುವುದೂ ಅದರಿಂದ ನಿಂತಿಲ್ಲ. ಗೋಡೆಯ ಮೇಲಿನ ಕೋವಿ ಈಗ ಕಾಯುವುದು ಯಜಮಾನಿಕೆಯನ್ನು. ಅದು ಹಾರಬೇಕಾಗಿಲ್ಲ, ಅಲ್ಲಿದೆ ಅಂತ ಕೇರಿಗೆ ಗೊತ್ತಿದ್ದರೆ ಸಾಕು.

ಈ ಗೊತ್ತಿರುವಿಕೆಯ ತೂಕ ಕಾನೂನು ಬರೆದವರಿಗೂ ಒಮ್ಮೆ ತಿಳಿಯಿತು. 1989ರ ದೌರ್ಜನ್ಯ ತಡೆ ಕಾಯಿದೆಯ ಕೆಳಗೆ 1995ರಲ್ಲಿ ಬಂದ ನಿಯಮಗಳಲ್ಲಿ 3ನೆಯದನ್ನು ಓದಿ. ದೌರ್ಜನ್ಯ ನಡೆಯುವ ಸಂಭವ ಇರುವ ಜಾಗಗಳನ್ನು ಸರ್ಕಾರ ಗುರುತಿಸಬೇಕು. ಅಗತ್ಯ ಕಂಡರೆ ಅಲ್ಲಿ ಪರಿಶಿಷ್ಟರಲ್ಲದವರ ಆಯುಧ ಲೈಸೆನ್ಸು ರದ್ದು ಮಾಡಿ ಕೋವಿಗಳನ್ನು ಸರ್ಕಾರಿ ಉಗ್ರಾಣಕ್ಕೆ ಹಾಕಿಸಬೇಕು. ಅಕ್ರಮ ಕೋವಿಗಳನ್ನು ಹಿಡಿಯಬೇಕು. ಅಗತ್ಯ ಕಂಡರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಲೈಸೆನ್ಸು ಕೊಡಬೇಕು. 1857ರ ನಂತರ ಆಯುಧ ಕಾನೂನು ನಮ್ಮ ಕಡೆಯಿಂದ ನೋಡಿ ಬರೆದ ಸಾಲು ಇದೊಂದೇ ಇರಬೇಕು. ಬರೆದು ಮುಚ್ಚಿಟ್ಟಿದ್ದಾರೆ.

ಎಲ್ಲರೂ ಕೋವಿ ಹಿಡಿಯಿರಿ ಅಂತ ಈ ಲೇಖನ ಹೇಳುತ್ತಿಲ್ಲ. ಹಸಿದವನಿಗೆ ಕೋವಿ ಊಟವಲ್ಲ. ಆದರೆ ಲೆಕ್ಕ ಕೇಳುವ ಹಕ್ಕು ನಮ್ಮದು. ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸುತ್ತಾರೆ. ಯಾರ್ಯಾರು ಹೊತ್ತು ತರುತ್ತಾರೆ ನೋಡಿ. ಊರಿನ ಭೂಮಿಯ ಪಟ್ಟಿ ಬೇರೆ ಬೇಕಾಗುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆ ಇದೆ, ಅರ್ಜಿಗೆ ಹತ್ತು ರೂಪಾಯಿ. ವಿದ್ಯಾರ್ಥಿಗಳು, ಮೇಷ್ಟ್ರುಗಳು ಜಿಲ್ಲಾಧಿಕಾರಿ ಕಚೇರಿಗೆ ಮೂರು ಪ್ರಶ್ನೆ ಬರೆಯಲಿ. ಒಂದು, ನಮ್ಮ ಹೋಬಳಿಯಲ್ಲಿ ಎಷ್ಟು ಕೋವಿ ಲೈಸೆನ್ಸು ಇವೆ, ಅದರಲ್ಲಿ ಪರಿಶಿಷ್ಟರದ್ದೆಷ್ಟು? ಎರಡು, 3ನೇ ನಿಯಮದ ಪ್ರಕಾರ ಯಾವ ಯಾವ ಊರುಗಳನ್ನು ಗುರುತಿಸಿದ್ದೀರಿ? ಮೂರು, ಆ ಊರುಗಳಲ್ಲಿ ಎಷ್ಟು ಲೈಸೆನ್ಸು ರದ್ದು ಮಾಡಿದ್ದೀರಿ?

ದುದ್ದದಿಂದಲೇ ಶುರುವಾಗಲಿ. ಉತ್ತರ ಬಂದರೆ ಗೋಡೆಯ ಮೇಲೆ ಬರೆಯಿರಿ. ಬಾರದಿದ್ದರೆ ಅದನ್ನೂ ಬರೆಯಿರಿ.