ತೆಲುಗಿನ ಭೂಪಟದಲ್ಲಿ ಪರದೇಶದ ಹೆಸರುಗಳು

ಆಂಧ್ರ ಕರಾವಳಿಯ ಮಚಲೀಪಟ್ಟಣದಲ್ಲಿ ವಲಂದಪಾಲೆಂ, ಪರಾಸುಪೇಟ, ಇಂಗ್ಲಿಷ್ ಪಾಲೆಂ ಎಂಬ ಬಡಾವಣೆಗಳಿವೆ. ವಲಂದರೆಂದರೆ ಹಾಲೆಂಡಿನವರು, ಅರ್ಥಾತ್ ಡಚ್ಚರು, ಪರಾಸುಗಳೆಂದರೆ ಫ್ರೆಂಚರು. ಹದಿನೇಳನೆಯ ಶತಮಾನದಲ್ಲಿ ಈ ಬಂದರಿಗೆ ಡಚ್ಚರು ಬಂದರು, 1611ರಲ್ಲಿ ಇಂಗ್ಲಿಷರು, 1669ರಲ್ಲಿ ಫ್ರೆಂಚರು ಕೋಠಿ ತೆರೆದರು. ಇವರ ನಾಡುಗಳ ಹೆಸರುಗಳನ್ನು ತೆಲುಗು ಜನ ಭೂಪಟದಿಂದ ಕಲಿಯಲಿಲ್ಲ. ಕಿವಿಗೆ ಬಿದ್ದಂತೆ ತಿದ್ದಿಕೊಂಡರು.

ಪೋರ್ಚುಗೀಸರಿಗೆ ಸಿಕ್ಕ ಹೆಸರು ಇನ್ನೂ ಸ್ವಾರಸ್ಯದ್ದು: ಬುಡತಕೀಚುಲು. ತೆಲುಗಿನಲ್ಲಿ ಬುಡತ ಎಂದರೆ ಪುಟ್ಟ ಪೋರ, ಕೀಚು ಎಂದರೆ ಕೀರಲು ದನಿ. ಅಪಹಾಸ್ಯ ಮಾಡುವ ಉದ್ದೇಶವಿತ್ತೋ ಇಲ್ಲವೋ, ಅಪರಿಚಿತ ಶಬ್ದಕ್ಕೆ ಮನೆಮಾತಿನ ವೇಷ ತೊಡಿಸಿದ್ದಂತೂ ನಿಜ. ಯುರೋಪಿಗೆ ಒಟ್ಟಾರೆಯಾಗಿ 'ಸೀಮ' ಎಂದರೆ ಸಾಕಾಗುತ್ತಿತ್ತು. ನಮ್ಮ ಸೀಮೆಎಣ್ಣೆ, ಸೀಮೆಸುಣ್ಣಗಳಲ್ಲಿರುವುದೂ ಅದೇ ಸೀಮೆ. ರಾಯಲಸೀಮೆಯ ಹೆಸರಿನಲ್ಲೂ ಇದೇ ಪದವಿದೆ. ಸ್ವಂತ ನೆಲಕ್ಕೂ ಪರದೇಶಕ್ಕೂ ಒಂದೇ ಮಾತು!

ಶಾಲಾ ಭೂಗೋಳದ ಕಾಲ ಬಂದಾಗ ಕಿವಿಯ ಕೆಲಸ ಅರ್ಥಕ್ಕೆ ವರ್ಗವಾಯಿತು. ಕಪ್ಪು ಸಮುದ್ರ 'ನಲ್ಲ ಸಮುದ್ರಂ' ಆಯಿತು, ಕೆಂಪು ಸಮುದ್ರ 'ಎರ್ರ ಸಮುದ್ರಂ' ಆಯಿತು. ಇವುಗಳಲ್ಲಿ ವಿಶೇಷವೇನಿಲ್ಲ. ಆದರೆ ಮೆಡಿಟರೇನಿಯನ್ನಿಗೆ ಇಟ್ಟ 'ಮಧ್ಯಧರಾ ಸಮುದ್ರಂ' ಎಂಬ ಹೆಸರನ್ನು ಮೆಚ್ಚಲೇಬೇಕು. ಲ್ಯಾಟಿನ್ನಿನ ಮೂಲ ಹೆಸರಿಗೆ ನೆಲದ ನಡುವಿನದು ಎಂದರ್ಥ. ಧರಾ ಎಂದರೆ ಭೂಮಿ. ಅರ್ಥವೂ ಉಳಿಯಿತು, ಮೂಲದ ನಾದವೂ ತಕ್ಕಮಟ್ಟಿಗೆ ಉಳಿಯಿತು. ಕನ್ನಡ ಪಠ್ಯಗಳು ಮೆಡಿಟರೇನಿಯನ್ ಎಂದೇ ಬರೆದು ಕೈತೊಳೆದುಕೊಂಡಿವೆ.

ಕನ್ನಡಿಗರು ಎಡವುವುದು ಬೇರೆ ಕಡೆ. ಅಮೆರಿಕವನ್ನು ತೆಲುಗರು 'ಅಮೆರಿಕಾ ಸಂಯುಕ್ತ ರಾಷ್ಟ್ರಾಲು' ಎನ್ನುತ್ತಾರೆ. ಒಂದು ದೇಶದೊಳಗೆ ಹಲವು ರಾಷ್ಟ್ರಗಳೇ ಎಂದು ನಮಗೆ ಅಚ್ಚರಿಯಾಗುತ್ತದೆ. ತೆಲುಗಿನಲ್ಲಿ ರಾಷ್ಟ್ರವೆಂದರೆ ನಾವು ರಾಜ್ಯ ಎನ್ನುವಂಥದ್ದು. 1953ರಲ್ಲಿ ಹುಟ್ಟಿದ್ದು 'ಆಂಧ್ರ ರಾಷ್ಟ್ರಂ'. ಹಾಗಾಗಿ ಅವರ ಅನುವಾದ ಸರಿಯೇ. ನಾವು ಬಳಸುವ 'ಸಂಯುಕ್ತ ಸಂಸ್ಥಾನ'ದಲ್ಲಿ ಅರಸರ ಕಾಲದ ವಾಸನೆ ಇನ್ನೂ ಹೋಗಿಲ್ಲ. ವಿಶ್ವಸಂಸ್ಥೆ ಅವರಿಗೆ 'ಐಕ್ಯರಾಜ್ಯ ಸಮಿತಿ'. ಅಲ್ಲಿ ರಾಜ್ಯವೇ ದೇಶ. ಎರಡೂ ಭಾಷೆಗಳು ಸಂಸ್ಕೃತದ ಒಂದೇ ಉಗ್ರಾಣದಿಂದ ಪದಗಳನ್ನು ತಂದು ಅದಲುಬದಲಾಗಿ ಜೋಡಿಸಿಕೊಂಡಂತಿದೆ. ತೆಲುಗು ಸುದ್ದಿಯನ್ನು ಆತುರದಲ್ಲಿ ಕನ್ನಡಕ್ಕೆ ತರುವವರು ಇಲ್ಲಿ ಎಚ್ಚರ ತಪ್ಪುವಂತಿಲ್ಲ.

ಹೆಸರನ್ನು ಅನುವಾದಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಯೂ ಇದೆ. ಪಶ್ಚಿಮ ಆಫ್ರಿಕದ ಕೋತ್ ದಿವ್ವಾರ್ ಸರ್ಕಾರ ತನ್ನ ಫ್ರೆಂಚ್ ಹೆಸರನ್ನು ಯಾವ ಭಾಷೆಗೂ ಅನುವಾದಿಸಬಾರದೆಂದು 1986ರಲ್ಲಿ ಜಗತ್ತನ್ನು ಕೋರಿತು. ತೆಲುಗು ಓದುಗರಿಗೆ ಹೆಚ್ಚು ಪರಿಚಿತವಾದ ರೂಪ ಐವರಿ ಕೋಸ್ಟ್. ಅದು ಆ ದೇಶ ಬಯಸಿದ ಹೆಸರಲ್ಲ, ತೆಲುಗೂ ಅಲ್ಲ. ಇಂಗ್ಲಿಷ್ ಅನುವಾದ ತೆಲುಗು ಲಿಪಿಯಲ್ಲಿ ಕುಳಿತಿದೆ. ದಂತದ ತೀರ ಎಂಬ ಅರ್ಥ ಓದುಗನನ್ನು ತಲುಪುವುದೇ ಇಲ್ಲ.

ದಿಕ್ಕುಗಳಿಗೆ ಮಾತ್ರ ತೆಲುಗಿನಲ್ಲಿ ತನ್ನದೇ ರೂಢಿಯುಂಟು. ಪೂರ್ವಕ್ಕೆ ಅಚ್ಚ ತೆಲುಗಿನ 'ತೂರ್ಪು', ಪಶ್ಚಿಮಕ್ಕೆ ಸಂಸ್ಕೃತದ 'ಪಶ್ಚಿಮ'. ತೂರ್ಪು ಗೋದಾವರಿ, ಪಶ್ಚಿಮ ಗೋದಾವರಿ ಜಿಲ್ಲೆಗಳಂತೆಯೇ ಜರ್ಮನಿಯೂ ಇಬ್ಭಾಗವಾಗಿದ್ದಾಗ 'ತೂರ್ಪು ಜರ್ಮನಿ', 'ಪಶ್ಚಿಮ ಜರ್ಮನಿ' ಎಂದು ಪತ್ರಿಕೆಗಳಲ್ಲಿ ಬರುತ್ತಿತ್ತು. ಈಸ್ಟ್ ಟಿಮೋರ್ ಕೂಡ 'ತೂರ್ಪು ತೈಮೂರ್' ಆಯಿತು. ಮಲಯ ಭಾಷೆಯಲ್ಲಿ ತಿಮೂರ್ ಎಂದರೇ ಪೂರ್ವ. ಅಲ್ಲಿಗೆ ಹೆಸರು 'ಪೂರ್ವ ಪೂರ್ವ'ವಾಯಿತು. ಇದಕ್ಕೆ ತೆಲುಗರನ್ನು ದೂರುವಂತಿಲ್ಲ. 2002ರಲ್ಲಿ ಸ್ವತಂತ್ರವಾದ ಆ ದೇಶ ತಾನೇ ಇಟ್ಟುಕೊಂಡ 'ತಿಮೋರ್ ಲೆಸ್ತೆ'ಯಲ್ಲಿರುವ ಲೆಸ್ತೆ ಎಂಬ ಪೋರ್ಚುಗೀಸ್ ಪದಕ್ಕೂ ಪೂರ್ವ ಎಂದೇ ಅರ್ಥ.